ತಲೇಲಿ ಮಾತಿಗಿಂತ ಮೊದಲು ಚಿತ್ರ ಬರೋರು ಯಾರಾದ್ರೂ ಇದೀರಾ? ನಂಗೆ ಕೆಲ್ಟಿಕ್ ಗಂಟಿನ ಹುಚ್ಚು ಹಿಡಿದಿದೆ

ಗೆರೆಮರುಳ:
ಮೊದ್ಲೇ ಹೇಳ್ಬಿಡ್ತೀನಿ, ಉದ್ದ ಪೋಸ್ಟು, ಪುರುಸೊತ್ತಿದ್ರೆ ಓದಿ.

ನಂಗೆ ಚಿಕ್ಕಂದಿನಿಂದ ಯೋಚನೆ ಅಂದ್ರೆ ಚಿತ್ರಾನೇ. ಯಾರಾದ್ರೂ ಬಸ್‌ಸ್ಟ್ಯಾಂಡಿಗೆ ದಾರಿ ಕೇಳಿದ್ರೆ ಆ ತಿರುವು, ಮೂಲೆ ಬೇಕರಿ, ಅದರ ಮುಂದೆ ಅಡ್ಡ ನಿಲ್ಲಿಸಿರೋ ಸ್ಕೂಟ್ರು, ಕಿತ್ತೋಗಿರೋ ಫುಟ್‌ಪಾತು ಎಲ್ಲಾ ಒಂದೇ ಸಲ ಕಂಡ್ಬಿಡುತ್ತೆ, ಬಾಯಿಗೆ ಮಾತ್ರ "ಅಲ್ಲೇ... ಹಿಂಗೆ ಹೋಗಿ... ಹಂಗೆ" ಅಷ್ಟೇ ಬರೋದು. ಕೇಳಿದೋರು ಥ್ಯಾಂಕ್ಸ್ ಹೇಳಿ ಪಕ್ಕದೋರನ್ನ ಕೇಳ್ತಾರೆ. ನಾನು ಕಟ್ಟಡದ ಡ್ರಾಯಿಂಗ್ ಮಾಡೋ ಕೆಲಸದವನು, ಪ್ಲಾನ್ ನೋಡಿದ ತಕ್ಷಣ ಮೆಟ್ಟಿಲು ಹತ್ತುವಾಗ ಯಾವ ಬೀಮು ತಲೆಗೆ ಹೊಡೆಯುತ್ತೆ ಅಂತ ಗೊತ್ತಾಗುತ್ತೆ, ಆದ್ರೆ ಅದನ್ನ ಮೇಲ್‌ನಲ್ಲಿ ನಾಲ್ಕು ಸಾಲು ಬರೆಯೋಕೆ ಮುಕ್ಕಾಲು ಗಂಟೆ. ಏಳನೇ ಕ್ಲಾಸಲ್ಲಿ ನೋಟ್ಸಿನ ಮಾರ್ಜಿನ್ ತುಂಬಾ ಜಡೆ ಥರ ಗೆರೆ ಗೀಚ್ತೀನಿ ಅಂತ ಮೇಷ್ಟ್ರೊಬ್ರು ಸ್ಕೇಲ್ ಅಡ್ಡ ಹಿಡಿದು ಬೆರಳಗಂಟಿಗೆ ಕೊಟ್ಟಿದ್ರು, ಗಂಟು ಅಂದ್ರೆ ಇವತ್ತೂ ಅದು ನೆನಪಾಗುತ್ತೆ.

ಈಗ ವಿಷಯಕ್ಕೆ. ಒಂದೂವರೆ ತಿಂಗಳ ಹಿಂದೆ ಐರ್ಲೆಂಡಿನ ಮೊನಾಸ್ಟರ್‌ಬಾಯ್ಸ್ ಅನ್ನೋ ಊರಲ್ಲಿರೋ ಒಂದು ಕಲ್ಲಿನ ಶಿಲುಬೆ ಫೋಟೋ ನೋಡಿದೆ, ಹತ್ತತ್ರ 1100 ವರ್ಷ ಹಳೇದು, ಅದರ ಪಕ್ಕದ ಪಟ್ಟಿಗಳಲ್ಲಿ ಹೆಣಿಗೆ, ಮೇಲೆ ಕೆಳಗೆ ಮೇಲೆ ಕೆಳಗೆ, ಕಲ್ಲಲ್ಲಿ! ಎಳೆಗಳು ಒಂದನ್ನೊಂದು ಒಮ್ಮೆ ಮೇಲೆ ಒಮ್ಮೆ ಕೆಳಗೆ ದಾಟ್ತಾ ಹೋಗೋ ಈ ಹೆಣಿಗೆಗೇ ಕೆಲ್ಟಿಕ್ ಗಂಟು ಅನ್ನೋದು. ಅಲ್ಲಿಂದ ಶುರು. ಪ್ರತಿ ಭಾನುವಾರ ಚೌಕಳಿ ಹಾಳೆ ಮುಂದೆ ಕೂತ್ರೆ ಎದ್ದೇಳೋಕಾಗಲ್ಲ. ತಲೆಯೊಳಗೆ ಸದಾ ಓಡ್ತಿರೋ ಸಿನಿಮಾ ಇದೆಯಲ್ಲ, ಅದು ಒಂದೇ ಎಳೆ ಆಗಿಬಿಡುತ್ತೆ, ಆ ಎಳೆ ಹಿಂದೆ ನಾನು. ಹೋದ ಭಾನುವಾರ ಒಲೆ ಮೇಲೆ ಹಾಲಿಟ್ಟಿದ್ದು ಉಕ್ಕಿ, ಹೊತ್ತಿ, ಪಾತ್ರೆ ತಳ ಕಪ್ಪಾಗಿ, ಹೆಂಡತಿ ಬಂದು ಗ್ಯಾಸ್ ಆರಿಸೋವರೆಗೂ ನಂಗೆ ವಾಸನೆ ಕೂಡ ಬಂದಿಲ್ಲ. ನಾನು ಒಲೆಯಿಂದ ಎಂಟು ಅಡಿ ದೂರದಲ್ಲಿದ್ದೆ.

ಕಷ್ಟ ಏನಂದ್ರೆ, ಅವತ್ತಿನ ಗಂಟು ತಪ್ಪಾಗಿದೆ. 5 ಮನೆ ಅಗಲ 7 ಮನೆ ಉದ್ದ, ಮಧ್ಯೆ ನಾಲ್ಕು ಕಡೆ ಎಳೆಗಳನ್ನ ದಾಟಿಸದೆ ವಾಪಸ್ ತಿರುಗಿಸಿದೀನಿ. ಬರೆಯೋಕೆ ಮುಂಚೆ ಕಣ್ಮುಚ್ಚಿದಾಗ ಪೂರ್ತಿ ಗಂಟು ಕಂಡಿತ್ತು, ಸತ್ಯವಾಗ್ಲೂ. ನಾಲ್ಕು ಗಂಟೆ ಆದ್ಮೇಲೆ ಬಲಗಡೆ ಕೆಳಮೂಲೆಗೆ ಬಂದ್ರೆ ಒಂದು ಎಳೆ ಎರಡು ಸಲ ಸತತ ಮೇಲೆ ಹೋಗ್ತಿದೆ. ರಬ್ಬರ್ ಹಾಕಿ ಸರಿ ಮಾಡಿದ್ರೆ ಪಕ್ಕದ್ದು ಕೆಡುತ್ತೆ, ಅದನ್ನ ಸರಿ ಮಾಡಿದ್ರೆ ಅದರ ಪಕ್ಕದ್ದು. ಚಿತ್ರದಲ್ಲೇ ಯೋಚನೆ ಮಾಡೋರು ಮೇಲೆ ಕೆಳಗೆ ಲೆಕ್ಕ ತಲೇಲಿ ಹೆಂಗೆ ಹಿಡ್ಕೋತೀರಾ?

ಚಹಾಪುಡಿ:
ಅಣ್ಣಾ ಹಾಲು ಉಕ್ಕಿಸೋಕೆ ಐರ್ಲೆಂಡ್‌ವರೆಗೂ ಹೋಗ್ಬೇಕಿತ್ತಾ, ನಾನು ರೀಲ್ಸ್ ನೋಡ್ತಾನೇ ದಿನಾ ಉಕ್ಕಿಸ್ತೀನಿ

ಧಾರವಾಡದಾಕಿ:
ಗೆರೆಮರುಳ ಅವ್ರ, ನಿಮ್ಮ ಸಂಕಟ ನಂಗ ಪಕ್ಕಾ ತಿಳೀತು ನೋಡ್ರಿ. ನಾ ಕಸೂತಿ ಹಾಕಾಕಿ. ನಮ್ಮವ್ವ ಕಲಿಸಿದ್ದು. ನಮ್ಮದ್ರಾಗ ಬಟ್ಟಿ ಮ್ಯಾಲೆ ಪೆನ್ಸಿಲ್ ಇಡೂದಿಲ್ಲ, ಚಿತ್ರ ಬರ್ಕೊಳ್ಳೂದಿಲ್ಲ, ಬಟ್ಟಿ ಎಳಿ ಎಣಿಸಿಕೋತ ಹೋಗೂದು. ಗವಂತಿ ಅಂತ ಒಂದು ಹೊಲಿಗಿ ಐತ್ರಿ, ಹೋಗೋಮುಂದ ಒಂದು ಬಿಟ್ಟು ಒಂದು ಹಾಕ್ಕೊಂಡು ಹೋಗ್ತೀವಿ, ಬರೋಮುಂದ ಖಾಲಿ ಬಿಟ್ಟಿದ್ದನ್ನ ತುಂಬ್ಕೋತ ಹೊಳ್ಳಿ ಅದೇ ಜಾಗಕ್ಕ ಬರಬೇಕು. ಮುಂದ ನೋಡಿದ್ರೂ ಹಿಂದ ನೋಡಿದ್ರೂ ಒಂದಽ ಥರ ಕಾಣಬೇಕು, ದಾರಕ್ಕ ಎಲ್ಲೂ ಗಂಟು ಹಾಕಂಗಿಲ್ಲ. ಹೋಗೂ ಹಾದ್ಯಾಗ ಒಂದು ಕವಲು ಮರತ್ರ ಮುಗೀತು, ಗೋಪುರದ ಕಳಸ ಒಂಟಿ ನಿಂತುಬಿಡ್ತೈತಿ, ಅಲ್ಲಿಗೆ ಸೂಜಿ ಮುಟ್ಟಿಸಾಕ ಹಾದೀನಽ ಇರಂಗಿಲ್ಲ.

ಹಂಗಾಗಿ ಹೇಳ್ತೀನಿ, ತಪ್ಪು ಕಂಡಲ್ಲೆ ತಪ್ಪು ಆಗಿರಂಗಿಲ್ರಿ. ನೀವು ಆ ಕೆಳಗಿನ ಮೂಲಿ ಕೆದರೂದು ಬಿಡ್ರಿ, ಹಿಂದ ಹೋಗ್ರಿ. ನಾ ಒಮ್ಮೆ ಇಳಕಲ್ ಸೀರಿ ಸೆರಗಿಗೆ ಆನಿ ಅಂಬಾರಿ ಹಾಕೋಮುಂದ ಸೊಂಡಿಲ ಹತ್ರ ಕೂಡಲಿಲ್ಲ, ಅರ್ಧ ದಿನ ಸೊಂಡಿಲ ಬಿಚ್ಚಿ ಬಿಚ್ಚಿ ಹಾಕಿದೆ, ಆಮ್ಯಾಲೆ ನೋಡಿದ್ರ ಆನಿ ಹಿಂಗಾಲಾಗ ಎರಡು ಎಳಿ ಬದಲಿ ಮೂರು ಎಳಿ ಎತ್ತಿದ್ದೆ.

ಮತ್ತ ಹಾಲಿಂದು ಏನ್ ದೊಡ್ಡದ್ರಿ, ನಮ್ಮನ್ಯಾಗ ಕುಕ್ಕರಿನ ಸೀಟಿ ಎಷ್ಟಾತು ಅಂತ ನಮ್ಮ ಯಜಮಾನ್ರ ಎಣಸ್ತಾರ, ನಾ ಸೂಜಿ ಹಿಡದ್ರ ನನ್ನ ನಂಬಂಗಿಲ್ಲ.

ಖಾಲಿಪರದೆ:
ಮೊದಲ ಸಲ ಇಲ್ಲಿ ಬರೀತಿದೀನಿ. ನಾನು ಒಂಬತ್ತು ವರ್ಷದಿಂದ ಈ ಗಂಟು ಬರೀತೀನಿ, 20 ಕ್ಕೆ 30 ಮನೆವರೆಗೂ ಬರೆದಿದೀನಿ. ಆದ್ರೆ ನಂಗೆ ತಲೇಲಿ ಚಿತ್ರ ಬರಲ್ಲ. ಮಸುಕಾಗಿ ಬರುತ್ತೆ ಅಂತಲ್ಲ, ಬರೋದೇ ಇಲ್ಲ. ಕಣ್ಮುಚ್ಚಿದ್ರೆ ಕತ್ತಲೆ ಅಷ್ಟೇ. ನಮ್ಮಮ್ಮನ ಮುಖ ನೆನಪಿಸ್ಕೊಳ್ಳಿ ಅಂದ್ರೆ ಅವರ ಮುಖ ಹೇಗಿದೆ ಅಂತ "ಗೊತ್ತು", ಮೂಗುಬೊಟ್ಟು ಎಡಗಡೆ, ಹಣೆ ಮೇಲೆ ಸಣ್ಣ ಗಾಯದ ಕಲೆ, ಎಲ್ಲ ಹೇಳ್ತೀನಿ, ಕಾಣಲ್ಲ.

ಇಪ್ಪತ್ತೆಂಟು ವರ್ಷದವರೆಗೂ "ಕಣ್ಮುಂದೆ ಬಂತು" ಅಂತ ಜನ ಅನ್ನೋದು ಬರೀ ಮಾತಿನ ವರಸೆ ಅಂದ್ಕೊಂಡಿದ್ದೆ.

ಗೆರೆಮರುಳ:
ಕ್ಷಮಿಸಿ ನಂಬೋಕೆ ಕಷ್ಟ ಆಗ್ತಿದೆ. ಚಿತ್ರ ಬರದೆ 20 ಕ್ಕೆ 30 ಗಂಟಾ?? ಹೆಂಗೆ ಶುರು ಮಾಡ್ತೀರಾ? ಮುಂದಿನ ಎಳೆ ಎಲ್ಲಿಗೆ ಹೋಗ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ

ಖಾಲಿಪರದೆ:
ಹಾಳೆ ಹೇಳುತ್ತೆ. ನಾನು ಹಾಳೆ ಮೇಲೆ ನೋಡ್ತೀನಲ್ಲ, ಒಳಗೆ ಯಾಕೆ ನೋಡ್ಬೇಕು.

ಇದಕ್ಕೆ ಈಗ ಅಫಾಂಟೇಸಿಯ ಅಂತ ಹೆಸರಿದೆ, ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದ ನರರೋಗ ತಜ್ಞ ಆಡಮ್ ಝೆಮನ್ ಮತ್ತವರ ಜೊತೆಯವರು 2015ರಲ್ಲಿ ಇಟ್ಟಿದ್ದು. ಹೆಸರು ಹೊಸದು, ಸಂಗತಿ ಹಳೇದು. 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಜನಕ್ಕೆ ಒಂದು ಪ್ರಶ್ನೆಪಟ್ಟಿ ಕೊಟ್ಟಿದ್ದ, ಇವತ್ತು ಬೆಳಿಗ್ಗೆ ತಿಂಡಿ ತಿಂದ ಮೇಜು ನೆನೆಸ್ಕೊಳ್ಳಿ, ಬೆಳಕು ಎಷ್ಟಿದೆ, ಬಣ್ಣ ಕಾಣ್ತಿದೆಯಾ ಅಂತ. ಅವನು ಮೊದಲು ಕೇಳಿದ್ದು ತನ್ನ ವಿಜ್ಞಾನಿ ಗೆಳೆಯರನ್ನ, ಅವರಲ್ಲಿ ತುಂಬ ಜನ ಇದೆಂಥ ಪ್ರಶ್ನೆ, ಮನಸ್ಸಲ್ಲಿ ಮೇಜು ಕಾಣೋದು ಅಂದ್ರೇನು ಅಂತ ಅವನನ್ನೇ ವಿಚಿತ್ರವಾಗಿ ನೋಡಿದ್ರು. ನಾನೂ ಹಾಗೇ ನೋಡ್ತಿದ್ದೆ.

ಚಿತ್ರ ಬರೆಯೋರಿಗೆ ಇದು ಇರಲ್ಲ ಅನ್ಕೋಬೇಡಿ. ಅನಿಮೇಶನ್ ಸಿನಿಮಾ ಕಂಪನಿ ಪಿಕ್ಸರ್ ಕಟ್ಟಿದವರಲ್ಲಿ ಒಬ್ಬನಾದ ಎಡ್ ಕ್ಯಾಟ್ಮಲ್‌ಗೆ ತಲೇಲಿ ಚಿತ್ರ ಬರಲ್ಲ. ಡಿಸ್ನಿಯಲ್ಲಿ ಮತ್ಸ್ಯಕನ್ಯೆ ಏರಿಯಲ್ ಪಾತ್ರ ಬರೆದ ಗ್ಲೆನ್ ಕೀನ್‌ಗೂ ಬರಲ್ಲ. ಕೀನ್ ಗೆರೆ ಮೇಲೆ ಗೆರೆ ಗೀಚ್ತಾ ಗೀಚ್ತಾ ಹೋಗಿ, ಹಾಳೆಯಲ್ಲಿ ಮುಖ ಮೂಡಿದಾಗ್ಲೇ ಗುರುತು ಹಿಡಿಯೋದು. ಇನ್ನೊಂದು ತುದಿಯಲ್ಲಿ ನಿಮ್ಮಂಥೋರು ಇದೀರ, ಟೆಂಪಲ್ ಗ್ರ್ಯಾಂಡಿನ್ ಇದಾರಲ್ಲ, ದನ ಸಾಗಿಸೋ ಓಣಿಗಳನ್ನ ವಿನ್ಯಾಸ ಮಾಡೋ ಆಟಿಸಂ ಇರೋ ವಿಜ್ಞಾನಿ, ತನಗೆ ಮಾತು ಅಂದ್ರೆ ಎರಡನೇ ಭಾಷೆ ಅಂತಾರೆ. ಆಮೇಲೆ ಅವರೇ ಚಿತ್ರದಲ್ಲಿ ಯೋಚಿಸೋರೆಲ್ಲ ಒಂದೇ ಅಲ್ಲ, ವಸ್ತು ಕಾಣೋರು ಬೇರೆ, ವಿನ್ಯಾಸ ಕಾಣೋರು ಬೇರೆ ಅಂತ ತಿದ್ದಿಕೊಂಡ್ರು. ನೀವು ಬೇಕರಿ ಮುಂದಿನ ಸ್ಕೂಟ್ರು ಕಾಣೋರು ಅನ್ಸುತ್ತೆ.

ನಿವೃತ್ತಗಣಿತ:
ತಮ್ಮಾ ಗೆರೆಮರುಳ, ನಾನು ಹಾಸನದ ಕಡೆ 31 ವರ್ಷ ಗಣಿತ ಪಾಠ ಮಾಡಿ ಈಗ ಮನೇಲಿರೋನು, ಸ್ಕೇಲಿನಲ್ಲಿ ಹೊಡೆದೋನು ನಾನಲ್ಲ ಅಂತ ಮೊದ್ಲೇ ಹೇಳ್ತೀನಿ.

ಒಂದು ಕೆಲಸ ಮಾಡು. ಕಣ್ಮುಚ್ಚು. ವಿಧಾನಸೌಧ ಎದುರಿಗೆ ನಿಂತಿದೀಯ. ಕಾಣ್ತಿದೆಯಾ? ಮೆಟ್ಟಿಲು, ಮೇಲೆ ಗುಮ್ಮಟ, ಅದರ ಮೇಲೆ ಸಿಂಹ. ಈಗ ಮುಂದಿನ ಆ ದೊಡ್ಡ ಕಲ್ಲುಕಂಬ ಎಷ್ಟಿದೆ ಎಣಿಸಿ ಹೇಳು. ಗೂಗಲ್ ನೋಡಬಾರದು.

ಗೆರೆಮರುಳ:
ಸಾರ್ ಪೂರ್ತಿ ಕಾಣ್ತಿದೆ. ಬಿಸಿಲು ಕೂಡ ಬಿದ್ದಿದೆ. ಎಣಿಸ್ತೀನಿ... 8. ಅಲ್ಲ 10. ಎಣಿಸೋಕೆ ಹೋದ್ರೆ ಕಂಬ ಅಲುಗಾಡುತ್ತೆ ಸಾರ್, ಒಂದು ಸಲ 8 ಬರುತ್ತೆ ಒಂದು ಸಲ 10

ನಿವೃತ್ತಗಣಿತ:
12. ಒಂದೊಂದೂ 40 ಅಡಿ.

ಈಗ ಗೊತ್ತಾಯ್ತಾ? ತಲೇಲಿ ಕಂಡದ್ದು ಫೋಟೋ ಅಲ್ಲ ಮಗಾ, ಕಂಬ ಇದೆ ಅನ್ನೋದಷ್ಟೇ ಅಲ್ಲಿ ಇರೋದು, ಎಷ್ಟು ಅನ್ನೋದು ಇಲ್ಲ. ನಿನ್ನ ಗಂಟೂ ಹಾಗೇ ಕಂಡಿದೆ, ಹೆಣೆದಿದೆ ಅನ್ನೋದು ಕಂಡಿದೆ, ಎಲ್ಲಿ ಮೇಲೆ ಎಲ್ಲಿ ಕೆಳಗೆ ಅನ್ನೋದು ಅದರಲ್ಲಿ ಇರಲೇ ಇಲ್ಲ.

ಇನ್ನು ನಿನ್ನ 5 ಕ್ಕೆ 7. ಒಳಗೆ ಏನೂ ತಿರುಗಿಸದೆ ಸುಮ್ನೆ ಹೆಣೆದರೆ ಎಳೆ ಎಷ್ಟಾಗುತ್ತೆ ಅನ್ನೋದಕ್ಕೆ ಐದನೇ ಕ್ಲಾಸಿನ ಲೆಕ್ಕ ಸಾಕು, ಮಹತ್ತಮ ಸಾಮಾನ್ಯ ಅಪವರ್ತನ, ಮಸಾಅ! 5 ಮತ್ತು 7ಕ್ಕೆ ಮಸಾಅ 1, ಹಾಗಾಗಿ ಒಂದೇ ಎಳೆ ಇಡೀ ಹಾಳೆ ಸುತ್ತಿ ಹೊರಟ ಜಾಗಕ್ಕೆ ಬರುತ್ತೆ. 4 ಕ್ಕೆ 6 ಬರಿ, ಎರಡು ಎಳೆ. 6 ಕ್ಕೆ 9, ಮೂರು. 4 ಕ್ಕೆ 4 ಬರೆದರೆ ನಾಲ್ಕು ಬೇರೆ ಬೇರೆ ಉಂಗುರ. ಮಕ್ಕಳಿಗೆ ಇದನ್ನ ಯಾರೂ ಹೀಗೆ ತೋರಿಸಲ್ಲ, ಮಸಾಅ ಅಂದ್ರೆ ಬರೀ ಭಾಗಾಕಾರ ಅಂದ್ಕೊಂಡೇ ಪಾಸಾಗ್ತಾರೆ.

ನಮ್ಮನೆಯವರು ಬಾಗಿಲಲ್ಲಿ ಹಾಕೋ ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಸುತ್ತ ಬಳಸಿ ಬರೋ ಎಳೆ ರಂಗೋಲಿ ಇದೆಯಲ್ಲ, ಅದಕ್ಕೂ ಇದೇ ಲೆಕ್ಕ, ನಿನ್ನ ಒಂದು ಮನೆ ಅಂದ್ರೆ ಅವರ ಒಂದು ಚುಕ್ಕಿ. ಮೇಲೆ ಕೆಳಗೆ ಇಲ್ಲ ಅಷ್ಟೇ. ಒಂದೇ ಎಳೆಯಲ್ಲಿ ಮುಗಿದರೆ ಅವರ ಮುಖದಲ್ಲಿ ಒಂಥರಾ ಕಳೆ, ಯಾಕೆ ಮುಗೀತು ಅಂತ ನಾನು ವಿವರಿಸೋಕೆ ಹೋದ್ರೆ "ಪುಡಿ ಡಬ್ಬ ಹಿಡ್ಕೊಳಿ ಸಾಕು" ಅಂತಾರೆ.

ಲಿಫ್ಫಿದಂಡೆ:
ಡಬ್ಲಿನ್‌ನಲ್ಲಿ ಇದೀನಿ, ಆರು ವರ್ಷ ಆಯ್ತು, ಮೂಲ ಶಿವಮೊಗ್ಗ. ಈ ಥ್ರೆಡ್ ನೋಡಿ ಸುಮ್ನಿರೋಕಾಗ್ಲಿಲ್ಲ.

ಟ್ರಿನಿಟಿ ಕಾಲೇಜಲ್ಲಿ ಬುಕ್ ಆಫ್ ಕೆಲ್ಸ್ ಇಟ್ಟಿದಾರೆ, ಸುಮಾರು ಕ್ರಿ.ಶ. 800ರ ಹೊತ್ತಿಂದು, ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳೋ ನಾಲ್ಕು ಸುವಾರ್ತೆಗಳ ಲ್ಯಾಟಿನ್ ಕೈಬರಹ, ಕರುವಿನ ಚರ್ಮದ 340 ಹಾಳೆ. ಗಾಜಿನ ಪೆಟ್ಟಿಗೆಯೊಳಗೆ ತೆರೆದಿಟ್ಟಿರೋ ಎರಡು ಪುಟ ಮಾತ್ರ ಕಾಣೋದು, ಫೋಟೋ ತೆಗೆಯೋ ಹಾಗಿಲ್ಲ, ಕ್ಯೂನಲ್ಲಿ ಹಿಂದಿನವರು ತಳ್ತಾ ಇರ್ತಾರೆ, ಒಂಥರಾ ತಿರುಪತಿ ದರ್ಶನವೇ. ಪುಟ ಅಂದ್ರೆ ಒಂದು ಅಡಿಗಿಂತ ಸ್ವಲ್ಪ ಎತ್ತರ ಅಷ್ಟೇ. ನಾನು ಮೊದಲ ಸಲ ಹೋದಾಗ ಏನೂ ಕಾಣಲಿಲ್ಲ, ಬರೀ ಕಂದು ಬಣ್ಣ. ಆಮೇಲೆ ಮನೆಗೆ ಬಂದು ಅವರೇ ಆನ್‌ಲೈನ್ ಹಾಕಿರೋ ಸ್ಕ್ಯಾನ್ ದೊಡ್ಡದು ಮಾಡಿ ನೋಡಿದೆ, ಅದು ಪುಕ್ಕಟೆ. ಕ್ರಿಸ್ತನ ಹೆಸರಿನ ಗ್ರೀಕ್ ಅಕ್ಷರಗಳನ್ನೇ ಇಡೀ ಪುಟ ಮಾಡಿರೋ ಒಂದು ಹಾಳೆ ಇದೆ, ಅದರಲ್ಲಿ ಅಕ್ಷರದ ಕಾಲೊಳಗೆ ಸುರುಳಿ, ಸುರುಳಿಯೊಳಗೆ ಹೆಣಿಗೆ, ಕೆಳಗೆ ಒಂದು ಮೂಲೇಲಿ ಬೆಕ್ಕು, ಎರಡು ಇಲಿ ಏನೋ ದುಂಡಗಿರೋ ರೊಟ್ಟಿ ಥರದ್ದನ್ನ ಎಳೆದಾಡ್ತಿವೆ. ದೇವರ ಹೆಸರಿನ ಪುಟದಲ್ಲಿ ಇಲಿ! ಬರೆದೋನು ಒಳ್ಳೆ ಮನುಷ್ಯ ಇದ್ದಿರಬೇಕು.

ಇದನ್ನ ಬರೆದ ಕಾಲ ಮಾತ್ರ ನೆಮ್ಮದಿಯದ್ದಲ್ಲ. ಸ್ಕಾಟ್ಲೆಂಡ್ ಪಶ್ಚಿಮಕ್ಕಿರೋ ಅಯೋನಾ ದ್ವೀಪದ ಮಠದಲ್ಲಿ ಶುರುವಾಗಿರಬಹುದು ಅಂತ ತುಂಬಾ ಜನ ಹೇಳೋದು. 806ರಲ್ಲಿ ಹಡಗಲ್ಲಿ ಬಂದು ದಾಳಿ ಮಾಡ್ತಿದ್ದ ವೈಕಿಂಗರು ಅಲ್ಲಿ 68 ಜನರನ್ನ ಕೊಂದ್ರು, ಉಳಿದೋರಲ್ಲಿ ಹಲವರು ಐರ್ಲೆಂಡಿನ ಕೆಲ್ಸ್‌ಗೆ ಬಂದ್ರು. 1007ರಲ್ಲಿ ಈ ಪುಸ್ತಕ ಕೆಲ್ಸ್‌ನಲ್ಲೇ ಕಳುವಾಯ್ತು, ಎರಡು ತಿಂಗಳ ಮೇಲೆ ಇಪ್ಪತ್ತು ದಿನಕ್ಕೆ ಮಣ್ಣುಹೆಂಟೆ ಕೆಳಗೆ ಸಿಕ್ತು, ಬಂಗಾರದ ಹೊದಿಕೆ ಕಿತ್ಕೊಂಡು ಪುಸ್ತಕ ಬಿಸಾಕಿದ್ರು. ಗಂಟು ಯಾರಿಗೆ ಬೇಕು, ಬಂಗಾರ ಬೇಕು.

ಆದ್ರೆ ಗೆರೆಮರುಳ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಕೊಡೋದು ಕೆಲ್ಸ್ ಅಲ್ಲ, ಲಿಂಡಿಸ್‌ಫಾರ್ನ್ ಸುವಾರ್ತೆ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಕೆಲ್ಸ್‌ಗಿಂತ ನೂರು ವರ್ಷ ಹಿಂದಿಂದು, ಏಡ್‌ಫ್ರಿತ್ ಅನ್ನೋ ಬಿಷಪ್ ಬರೆದದ್ದು ಅಂತ ಅದರಲ್ಲೇ ಆಮೇಲೆ ಒಬ್ಬ ಬರೆದಿಟ್ಟಿದಾನೆ. ಅದರ ಗಂಟಿನ ಪುಟಗಳನ್ನ ಹಿಂದೆ ತಿರುಗಿಸಿ ನೋಡಿದ್ರೆ ಕೈವಾರದ ಮುಳ್ಳು ಚುಚ್ಚಿದ ತೂತು, ಚೌಕಳಿ ಗೆರೆ, ಸೀಸದ ಕಡ್ಡಿಯಲ್ಲಿ ಎಳೆದ ಕರಡು ಎಲ್ಲಾ ಇದೆ! ಅಂದ್ರೆ ಆ ಪುಣ್ಯಾತ್ಮನೂ ತಲೇಲಿ ಕಂಡದ್ದನ್ನ ಹಂಗೇ ಇಳಿಸ್ಲಿಲ್ಲ. ಹಾಳೆ ಹಿಂದೆ ಮನೆ ಹಾಕ್ಕೊಂಡು, ಎಣಿಸ್ಕೊಂಡು ಮಾಡಿದಾನೆ. 12ನೇ ಶತಮಾನದಲ್ಲಿ ಜೆರಾಲ್ಡ್ ಆಫ್ ವೇಲ್ಸ್ ಅನ್ನೋ ಪಾದ್ರಿ ಐರ್ಲೆಂಡಿನ ಕಿಲ್‌ಡೇರ್‌ನಲ್ಲಿ ಇಂಥದ್ದೇ ಪುಸ್ತಕ ನೋಡಿ ಇದು ಮನುಷ್ಯರ ಕೆಲಸ ಅಲ್ಲ ದೇವದೂತರದ್ದು ಅಂದಿದ್ದ, ಪುಟ ಹಿಂದೆ ತಿರುಗಿಸಿದ್ರೆ ಹಂಗನ್ನುತ್ತಿರ್ಲಿಲ್ಲ.

ಉಡುಪಿಕಡೆಯವ:
ಎಂತ ಚಂದ ಉಂಟು ಮಾರಾಯ್ರೆ ಈ ಚರ್ಚೆ. ನಮ್ಮಲ್ಲಿ ನಾಗಮಂಡಲದಲ್ಲಿ ನೆಲದ ಮೇಲೆ ಹಾವಿನ ಗಂಟು ಬರೀತಾರಲ್ಲ, ನಾನು ಸಣ್ಣದಿರುವಾಗ ಚಪ್ಪರದ ಕಂಬ ಹಿಡ್ಕೊಂಡು ಅದನ್ನೇ ನೋಡ್ತಾ ಇದ್ದದ್ದು, ಊಟಕ್ಕೆ ಕರೆದ್ರೂ ಹೋಗ್ಲಿಕ್ಕಿಲ್ಲ. ಬಿಳಿ ಮಣ್ಣು, ಅರಸಿನ, ಅರಸಿನಕ್ಕೆ ಸುಣ್ಣ ಹಾಕಿ ಕೆಂಪು, ಸೊಪ್ಪಿನ ಪುಡಿ ಹಸಿರು, ಉಮಿ ಸುಟ್ಟ ಕಪ್ಪು, ಐದು ಬಣ್ಣ. ವೈದ್ಯರು (ಡಾಕ್ಟರಲ್ಲ, ಮಂಡಲ ಬರೆಯುವ ಪಂಗಡದವರು) ಬಗ್ಗಿ ಕೂತು ಬೆರಳ ಸಂದಿಯಲ್ಲಿ ಪುಡಿ ಬಿಡೋದು. ಹಾವಿನ ಮೈ ಎಲ್ಲಿ ಮೇಲೆ ಎಲ್ಲಿ ಅಡಿಗೆ ಅಂತ ಅವರಿಗೆ ರಬ್ಬರ್ ಇಲ್ಲ ನೋಡಿ, ತಪ್ಪಿದ್ರೆ ತಪ್ಪಿದ್ದೇ. ಅವರು ತಪ್ಪಿದ್ದು ನಾನು ನೋಡ್ಲಿಲ್ಲ.

ಐರ್ಲೆಂಡಿದ್ದು ಇನ್ನೊಂದು ಪುಸ್ತಕ ಉಂಟಲ್ಲ, ಬುಕ್ ಆಫ್ ಡರೋ, ಕೆಲ್ಸ್‌ಗಿಂತ ಹಳತು, ಅದನ್ನ 17ನೇ ಶತಮಾನದಲ್ಲಿ ಒಬ್ಬ ರೈತ ಇಟ್ಕೊಂಡು ದನಕ್ಕೆ ಸೌಖ್ಯ ಇಲ್ಲದಾಗ ನೀರಿಗೆ ಮುಳುಗಿಸಿ ಆ ನೀರು ಕುಡಿಸ್ತಿದ್ದದ್ದಂತೆ! ಓದಿದಾಗ ನಗು ಬಂತು, ಮತ್ತೆ ನಮ್ಮ ಅಜ್ಜಿ ನೆನಪಾಗಿ ನಗು ನಿಂತಿತು. ಅವರಾದ್ರೂ ಅದೇ ಮಾಡ್ತಿದ್ರು.

ಮೂಲಬೇರು:
ಇದೆಲ್ಲಾ ಇಲ್ಲಿಂದಲೇ ಹೋಗಿದ್ದು ಸ್ವಾಮಿ. ನಾಗರಕಲ್ಲಲ್ಲಿ ಎರಡು ಹಾವು ಹೆಣೆದಿರೋದು ನೋಡಿ, ರಂಗೋಲಿ ನೋಡಿ. ಯುರೋಪಿನ ಆ ಹಳೇ ಜನ ಕೆಲ್ಟರು ಕಲಿತಿದ್ದೇ ನಮ್ಮಿಂದ. ಯಾರೂ ಒಪ್ಪಲ್ಲ ಅಷ್ಟೇ.

ಲಿಫ್ಫಿದಂಡೆ:
@ಮೂಲಬೇರು ಬೇಜಾರಾಗ್ಬೇಡಿ, ಈ ಹೆಣಿಗೆ ಕೆಲ್ಟರದ್ದೇ ಮೂಲ ಅಂತ ಹೇಳೋದೂ ಕಷ್ಟ. ಕ್ರಿಸ್ತ ಹುಟ್ಟೋಕೆ ಮುಂಚಿನ ಅವರ ಹಳೇ ಕಲೆ, ಲಾ ಟೇನ್ ಅಂತಾರೆ, ಅದರಲ್ಲಿ ಸುರುಳಿ ಬಳ್ಳಿ ಎಲ್ಲಾ ಇದೆ, ಈ ಥರ ಜಡೆ ಹೆಣಿಗೆ ಇಲ್ಲ. ಇದು ಐರ್ಲೆಂಡ್, ಬ್ರಿಟನ್ ಕಡೆ ಕಾಣಿಸ್ಕೊಳ್ಳೋದು 7ನೇ ಶತಮಾನದಲ್ಲಿ. ರೋಮನ್ನರ ಮೊಸಾಯಿಕ್ ನೆಲಗಳಲ್ಲಿ ಜಡೆ ಅಂಚು ಇತ್ತು, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ಇತ್ತು, ಜರ್ಮಾನಿಕ್ ಬುಡಕಟ್ಟಿನೋರು ಪ್ರಾಣಿಗಳನ್ನ ಹೆಣೀತಿದ್ರು. ಎಲ್ಲ ಬಂದು ಮಠದ ಮೇಜಿನ ಮೇಲೆ ಸೇರಿದೆ.

ನಿವೃತ್ತಗಣಿತ:
ಅಂಗೋಲಾದ ಚೋಕ್ವೆ ಜನ ಮರಳಲ್ಲಿ ಚುಕ್ಕಿ ಇಟ್ಟು ಬೆರಳಲ್ಲಿ ಒಂದೇ ಗೆರೆ ಎಳೀತಾ ಕಥೆ ಹೇಳ್ತಾರೆ, ಅದಕ್ಕೆ ಸೋನಾ ಅಂತ ಹೆಸರು. ಮೊಜಾಂಬಿಕ್‌ನಲ್ಲಿದ್ದ ಪೌಲುಸ್ ಗೆರ್ಡೆಸ್ ಅನ್ನೋ ಗಣಿತಜ್ಞ ಅದರ ಮೇಲೆ ತುಂಬಾ ಕೆಲಸ ಮಾಡಿದಾನೆ. ಅಲ್ಲೂ ಅದೇ ಮಸಾಅ. ಈಗ ಚೋಕ್ವೆಗಳೂ ನಮ್ಮಿಂದ ಕಲಿತರು ಅಂತೀರೇನು ಮೂಲಬೇರು ಅವರೇ? 5 ಮತ್ತು 7ಕ್ಕೆ ಮಸಾಅ ಎಲ್ಲ ದೇಶದಲ್ಲೂ 1. ಚುಕ್ಕಿ ಇಟ್ಟು ಸುತ್ತಿದವರಿಗೆಲ್ಲ ಅದು ಸಿಗುತ್ತೆ. ಹೆಮ್ಮೆ ಬೇಕಾದ್ರೆ 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತವರ ಜೊತೆಯವರು ಕೋಲಂ ರಂಗೋಲಿಗೆ ಕಂಪ್ಯೂಟರಿನ ವ್ಯಾಕರಣ ಬರೆದರಲ್ಲ, ಅದಕ್ಕೆ ಪಡಿ.

ಮೂಲಬೇರು:
ಸರಿ ಸಾರ್. ನಾಗರಕಲ್ಲು ಮಾತ್ರ ಚೆನ್ನಾಗಿದೆ ಅಂತೀನಿ.

ನಿವೃತ್ತಗಣಿತ:
ಅದರಲ್ಲಿ ಎರಡು ಮಾತಿಲ್ಲ.

ಮೊಣಕೈಗಂಟು:
ನಾನು ಕೈಮೇಲೆ ಒಂದು ಹಾಕ್ಸಿದೀನಿ, ಟ್ಯಾಟೂ ಅಂಗಡಿಯೋನು ಇದಕ್ಕೆ ತುದಿಮೊದಲಿಲ್ಲ, ಕೊನೆ ಇಲ್ಲದ ಪ್ರೀತಿ ಅಂತ ಅರ್ಥ ಅಂದ. ಹುಡುಗಿ ಬಿಟ್ಟೋಗಿ ಎರಡು ವರ್ಷ ಆಯ್ತು, ಗಂಟು ಇದೆ. ಅರ್ಥ ನಿಜಾನಾ?

ಲಿಫ್ಫಿದಂಡೆ:
ಬರೆದ ಸನ್ಯಾಸಿಗಳು ಯಾವ ಗಂಟಿಗೂ ಅರ್ಥ ಬರೆದಿಟ್ಟಿಲ್ಲ ಗೆಳೆಯಾ. ಪ್ರೀತಿಗಂಟು, ತಾಯಿಗಂಟು, ಅಪ್ಪನಗಂಟು ಎಲ್ಲ ಈಚಿನ ಅಂಗಡಿಗಳದ್ದು. ಇಲ್ಲಿ ಡಬ್ಲಿನ್‌ನಲ್ಲಿ ಟವೆಲ್ ಮೇಲೂ ಬರುತ್ತೆ.

ಚಹಾಪುಡಿ:
ಕೈ ಮಡಚಿದ್ರೆ ಕಾಣಲ್ಲ ಬಿಡೋ

ಗೆರೆಮರುಳ:
ಫೋಟೋ ಹಾಕಿದೀನಿ ನೋಡಿ. ಬಲಗಡೆ ಕೆಳಮೂಲೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿರೋದು ತಪ್ಪು. ಧಾರವಾಡದ ಅಕ್ಕ ಹೇಳಿದ ಹಾಗೆ ಹಿಂದೆ ಹೋಗಿ ನೋಡಿದೆ, ಎರಡು ಸಲ ಎಳೆ ಹಿಡ್ಕೊಂಡು ಹೋದೆ, ಎರಡು ಸಲಾನೂ ಮೇಲೆ ಕೆಳಗೆ ಸರಿಯಾಗೇ ಎಣಿಸಿದೀನಿ ಅನ್ಸುತ್ತೆ, ಆಮೇಲೆ ಗೊತ್ತಿಲ್ದಂಗೆ ಅದರೊಳಗೆ ಹೋಗ್ಬಿಡ್ತೀನಿ, ಎಣಿಕೆ ಬಿಟ್ಟೋಗುತ್ತೆ. ಅದೊಂಥರಾ ಚೆನ್ನಾಗೂ ಇರುತ್ತೆ, ಅದೇ ಕಷ್ಟ.

ಖಾಲಿಪರದೆ:
ನೋಡಿದೆ. ಮೂಲೆಯಲ್ಲಿ ಏನೂ ತಪ್ಪಿಲ್ಲ. ಮೇಲಿಂದ ಎರಡನೇ ಸಾಲು, ಎಡದಿಂದ ಮೂರನೇ ಮನೆ, ಅದರ ಬಲಗಡೆ ಗೆರೆಗೆ ನೀವು ಗೋಡೆ ಹಾಕಿದೀರ, ಅಂದ್ರೆ ಅಲ್ಲಿ ಎಳೆಗಳು ಒಂದನ್ನೊಂದು ದಾಟಲ್ಲ, ಗೋಡೆಗೆ ಬಡಿದು ವಾಪಸ್ ತಿರುಗ್ತಾವೆ. ನೀವು ಎಳೆ ಹಿಡ್ಕೊಂಡು ಬರ್ತಾ "ಕೆಳಗೆ, ಮೇಲೆ, ಕೆಳಗೆ" ಅಂತ ಎಣಿಸ್ತಾ ಆ ತಿರುವನ್ನೂ ಒಂದು ದಾಟು ಅಂತ ಎಣಿಸಿಬಿಟ್ಟಿದೀರ. ಅಲ್ಲಿಂದ ಮುಂದೆ ಎಲ್ಲಾ ಒಂದೊಂದು ಜರುಗಿದೆ. ಮುಂದಿನ ದಾಟುಗಳಲ್ಲಿ ಎದುರಿನ ಎಳೆ ಇನ್ನೂ ಬರೆದಿರ್ಲಿಲ್ಲ, ಹಾಗಾಗಿ ಜಗಳ ಆಗ್ಲಿಲ್ಲ. ಕೊನೆಗೆ ಆ ಮೂಲೆಗೆ ಬಂದಾಗ ಮೊದಲೇ ಬರೆದಿದ್ದ ಎಳೆ ಎದುರಾಯ್ತು, ಆಗ ಗೊತ್ತಾಯ್ತು.

ನಿಮಗೆ ಒಂದು ಗುಟ್ಟು ಹೇಳ್ತೀನಿ, ನಾನು ಎಳೆ ಹಿಡ್ಕೊಂಡು ಹೋಗೋದೇ ಇಲ್ಲ. ದಾಟು ಬರೋದು ಚೌಕಳಿ ಗೆರೆಗಳ ನಡುಬಿಂದುವಲ್ಲಿ ಮಾತ್ರ ಅಲ್ವಾ. ಅಡ್ಡಗೆರೆಯ ನಡುವೆ ಬರೋ ದಾಟುಗಳಲ್ಲೆಲ್ಲ ಬಲಕ್ಕೆ ಏರೋ ಎಳೆ ಮೇಲೆ. ಉದ್ದಗೆರೆಯ ನಡುವೆ ಬರೋ ದಾಟುಗಳಲ್ಲೆಲ್ಲ ಎಡಕ್ಕೆ ಏರೋ ಎಳೆ ಮೇಲೆ. ಮುಗೀತು. ಗೋಡೆ ಎಷ್ಟು ಬೇಕಾದ್ರೂ ಹಾಕಿ, ಎಲ್ಲಿ ಬೇಕಾದ್ರೂ ಹಾಕಿ, ಮೇಲೆ ಕೆಳಗೆ ತಾನಾಗೇ ಸರಿ ಬರುತ್ತೆ, ಎಳೆ ಎಲ್ಲಿಂದ ಬಂತು ಎಲ್ಲಿಗೆ ಹೋಯ್ತು ಅಂತ ತಿಳಿಯೋದೇ ಬೇಡ. ನಿಮ್ಮ 5 ಕ್ಕೆ 7 ರಲ್ಲಿ 58 ನಡುಬಿಂದು, 4 ಗೋಡೆ ಕಳೆದ್ರೆ 54 ದಾಟು. ನಾನು ಸಾಲು ಸಾಲಾಗಿ ಅಡ್ಡಗೆರೆದು ಮೊದಲು ಮುಗಿಸ್ತೀನಿ, ಆಮೇಲೆ ಉದ್ದಗೆರೆದು. ರೇಡಿಯೋ ಹಾಕ್ಕೊಂಡು ಮಾಡಬಹುದು. ಹಾಲೂ ಉಕ್ಕಲ್ಲ.

ಗೋಡೆ ಉಪಾಯ ಹಳೇದು. 1904ರಲ್ಲೇ ರೊಮಿಲ್ಲಿ ಆಲನ್ ಅನ್ನೋನು ಈ ಗಂಟೆಲ್ಲ ಸಾದಾ ಜಡೆ ಹೆಣಿಗೆಯನ್ನ ಅಲ್ಲಲ್ಲಿ ತುಂಡರಿಸಿ ಮತ್ತೆ ಕೂಡಿಸಿದ್ದು ಅಂತ ತೋರಿಸಿದ್ದ. ಬರೆಯೋ ಕ್ರಮಾನ ಶಾಲೆ ಮಕ್ಕಳಿಗೂ ತಿಳಿಯೋ ಹಾಗೆ ಮಾಡಿದ್ದು ಜಾರ್ಜ್ ಬೇನ್, ಸ್ಕಾಟ್ಲೆಂಡಿನ ಕರ್ಕಾಲ್ಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು, 1951ರಲ್ಲಿ ಅವನ ಪುಸ್ತಕ ಬಂತು. ನಾನು ಕಲಿತಿದ್ದು ಅದರಿಂದಲೇ.

ಗೆರೆಮರುಳ:
ಅಯ್ಯೋ ದೇವ್ರೇ. ಹೌದು. ಆ ತಿರುವನ್ನ ಎಣಿಸಿದೀನಿ. ಕೈ ಅಲ್ಲಿ ಗೋಡೆ ಹತ್ರ ಸ್ವಲ್ಪ ನಿಧಾನ ಆಗಿದ್ದು ಕೂಡ ನೆನಪಿದೆ.

ಆದ್ರೆ ಒಂದು ಕೇಳ್ತೀನಿ, ಎಳೆ ಹಿಡ್ಕೊಂಡು ಹೋಗದೇ ಇದ್ರೆ ಮಜಾ ಎಲ್ಲಿದೆ? ನಂಗೆ ಅದರೊಳಗೆ ಹೋಗೋದೇ ಬೇಕಾಗಿರೋದು

ಖಾಲಿಪರದೆ:
ಕೊನೆಗೆ ಬಣ್ಣ ಹಾಕುವಾಗ ಹೋಗ್ತೀನಿ. ಅಲ್ಲೀವರೆಗೂ ನನಗೂ ಅದರಲ್ಲಿ ಎಷ್ಟು ಎಳೆ ಇದೆ ಅಂತ ಗೊತ್ತಿರಲ್ಲ. ನೀವು ಮೊದಲೇ ನೋಡಿ ಆಮೇಲೆ ಬರೀತೀರ, ನಾನು ಬರೆದು ಮುಗಿಸಿದ ಮೇಲೆ ಮೊದಲ ಸಲ ನೋಡ್ತೀನಿ. ಆ ಹತ್ತು ನಿಮಿಷಕ್ಕೋಸ್ಕರವೇ ಬರೆಯೋದು. ಬ್ರಷ್ ತುದಿ ಒಂದು ಎಳೆ ಹಿಡಿದು ಹೊರಡುತ್ತೆ, ಎಲ್ಲೆಲ್ಲೋ ಮುಳುಗಿ ಎಲ್ಲೆಲ್ಲೋ ಏಳುತ್ತೆ, ಇನ್ನೇನು ಮುಗೀತು ಅನ್ನುವಾಗ ಮತ್ತೆ ದೂರ ಹೋಗುತ್ತೆ. ಆಗ ಫೋನ್ ಬಂದ್ರೆ ನಾನೂ ಎತ್ತಲ್ಲ.

ಧಾರವಾಡದಾಕಿ:
ಕಸೂತಿ ಹೊಳ್ಳಿ ಬರೋ ಹಾದೀನೂ ಹಂಗಽ ನೋಡ್ರಿ. ಹೋಗೋಮುಂದ ಬರೀ ಎಣಿಕಿ, ಬರೋಮುಂದ ಆನಿ ಕಾಣ್ತೈತಿ.

ಗೆರೆಮರುಳ:
ಅಪ್ಡೇಟ್. ಈ ಭಾನುವಾರ ಗೋಡೆ ಇಲ್ದೆ 6 ಕ್ಕೆ 9 ಬರೆದೆ, ಖಾಲಿಪರದೆ ಅವರ ನಿಯಮದ ಪ್ರಕಾರ, ಕಣ್ಮುಚ್ಚದೆ. ಒಂದು ಗಂಟೆ ಇಪ್ಪತ್ತು ನಿಮಿಷ. ಒಂದೂ ತಪ್ಪಿಲ್ಲ. ಸುಳ್ಳು ಹೇಳಲ್ಲ, ಬರೆಯುವಾಗ ಒಂಥರಾ ಮನೆ ಬಾಡಿಗೆ ರಸೀದಿ ಬರೆದಂಗಿತ್ತು. ಆಮೇಲೆ ಮಗಳಿಗೆ ಬಣ್ಣ ಕೊಟ್ಟೆ, ಅವಳಿಗೆ ಆರು ವರ್ಷ. ಮೇಷ್ಟ್ರು ಹೇಳಿದ ಹಾಗೇ ಸರಿಯಾಗಿ ಮೂರು ಎಳೆ, ಕೆಂಪು ಹಸಿರು ಹಳದಿ, ಅವಳ ನಾಲಿಗೆ ಹೊರಗೆ ಬಂದಿತ್ತು, ನಾನು ಕರೆದಿದ್ದು ಕೇಳಿಸ್ಲಿಲ್ಲ ಅವಳಿಗೆ. ಅವಳ ಬೆರಳು ಎಳೆ ಹಿಂದೆ ಹೋಗ್ತಿತ್ತು, ನನ್ನ ಕಣ್ಣು ಅವಳ ಬೆರಳ ಹಿಂದೆ.

ಆಮೇಲೆ ಅದೇ 6 ಕ್ಕೆ 9 ಇನ್ನೊಂದು ಹಾಳೆಯಲ್ಲಿ ಬರೆದು, ಕೆಂಪು ಹಸಿರು ದಾಟೋ ಒಂದು ಕಡೆ ಗೋಡೆ ಹಾಕಿ ಕೊಟ್ಟೆ. ಕೆಂಪು ಶುರು ಮಾಡಿದ್ಲು. ತುಂಬಾ ಹೊತ್ತು ಆದ್ಮೇಲೆ ತಲೆ ಎತ್ತಿ "ಅಪ್ಪಾ ಹಸಿರು ಎಲ್ಲೋಯ್ತು?" ಅಂದ್ಲು.

ನಿವೃತ್ತಗಣಿತ:
ಭೇಷ್! ಬೇರೆ ಬೇರೆ ಎರಡು ಎಳೆ ದಾಟೋ ಕಡೆ ಗೋಡೆ ಹಾಕಿದ್ರೆ ಎರಡೂ ಕೂಡಿ ಒಂದಾಗುತ್ತೆ. ಮೂರು ಇದ್ದದ್ದು ಎರಡಾಯ್ತು. ಏನು ಹೇಳಿದೆ ಮಗುವಿಗೆ?

ಗೆರೆಮರುಳ:
ಹೇಳೋಕೆ ಹೊರಟೆ ಸಾರ್, ಎಂದಿನಂತೆ ಮಾತು ಬರ್ಲಿಲ್ಲ, ಕೈ ಆಡಿಸ್ದೆ. ಅವಳು ನನ್ನ ಕೈ ಒಂದು ಸಲ ನೋಡಿ, ಹಸಿರು ಸ್ಕೆಚ್‌ಪೆನ್ನು ತಗೊಂಡು ಅದೇ ಎಳೆ ಅರ್ಧಕ್ಕೆ ಹಸಿರು ಮಾಡಿಬಿಟ್ಲು.

ಚಹಾಪುಡಿ:
ಹಾಲು?

ಗೆರೆಮರುಳ:
ಹೆಂಡತಿ ಭಾನುವಾರ ಮಾತ್ರ ಹಾಲನ್ನ ಫ್ರಿಜ್ಜಿಂದ ಈಚೆಗೇ ತೆಗೆಯಲ್ಲ ಈಗ. ಕಪ್ಪು ಕಾಫಿ ಕುಡೀತಿದೀವಿ.